ಜುಲ್ಕುಫ್ ಭಾವನ ಗಂಡುಗುಡ್ಡ

ನಮ್ಮ ಜುಲ್ಕುಫ್ ಭಾವ ಜೀವಮಾನದಲ್ಲಿ ಒಂದೂ ತಪ್ಪು ಮಾಡಿದವನಲ್ಲ. ಇದನ್ನು ಅವನ ಬಾಯಿಂದಲೇ ಕೇಳಿದ್ದೇನೆ. ಹೇಸರಗತ್ತೆ ಅವನನ್ನು ಒದ್ದದ್ದು ಹೇಸರಗತ್ತೆಯ ತಪ್ಪು. ಮಾಳಿಗೆ ಸೋರಿದ್ದು ಮಳೆಯ ತಪ್ಪು. ಮದುವೆಯ ದಿನ ತನ್ನ ದಿಬ್ಬಣವನ್ನು ಪಕ್ಕದ ಹಳ್ಳಿಗೆ ನಡೆಸಿಕೊಂಡು ಹೋಗಿ, ಯಾರದೋ ಮನೆ ಬಾಗಿಲಲ್ಲಿ ಡೋಲು ಬಡಿಸಿದ್ದು ದಾರಿಯ ತಪ್ಪು. ಅಂಥವನಿಗೆ ನನ್ನ ಅಕ್ಕ ಜರೀಫೆಯನ್ನು ಕೊಟ್ಟದ್ದು ಮಾತ್ರ ನಮ್ಮಪ್ಪನ ತಪ್ಪು, ಅದನ್ನು ಅಪ್ಪ ಸಾಯುವ ಮೊದಲು ಒಪ್ಪಿಕೊಂಡ. ಎದುರಿಗೆ ನಾನು ಭಾವನಿಗೆ ‘ನೀವು’ ಅನ್ನುತ್ತಿದ್ದೆ. ಬೆನ್ನ ಹಿಂದೆ ಏನೆನ್ನುತ್ತಿದ್ದೆ ಎನ್ನುವುದನ್ನು ಈಗ ಹೇಳುವುದು ಬೇಡ, ಅವನು ಮಣ್ಣಲ್ಲಿ ಮಲಗಿದ್ದಾನೆ.

ಅಕ್ಕ ಆ ಮನೆಗೆ ಬರಿಗೈಯಲ್ಲಿ ಹೋದವಳಲ್ಲ. ನಮ್ಮ ಅವ್ವನ ಬಿತ್ತಿಮ್ ಗುಡ್ಡ ಬಳುವಳಿಯಾಗಿ ಅವಳ ಜೊತೆ ಹೋಯಿತು. ನನ್ನ ಪಾಲಿಗೆ ಬಂದದ್ದು ಅವ್ವನ ತಾಮ್ರದ ಹಂಡೆ, ಅವ್ವನ ನಾಲಿಗೆ. ಗುಡ್ಡ ಅಂದರೆ ದೊಡ್ಡದೇನಲ್ಲ, ಬೋತಾನ್ ಹೊಳೆಯ ಮೇಲೆ ಬೆನ್ನು ಬಾಗಿಸಿ ಕೂತ ಒಂದು ಕಲ್ಲುದಿಬ್ಬ, ಅದರ ಮೈತುಂಬ ಬಿತ್ತಿಮ್ ಮರ, ಪಿಸ್ತಾದ ಕಾಡು ದಾಯಾದಿ. ಯಾರೂ ನೆಟ್ಟದ್ದಲ್ಲ, ನೀರು ಹಾಕಿದ್ದಲ್ಲ. ತೊಗಟೆಗೆ ಗಾಯವಾದರೆ ಅಂಟು ಇಳಿಯುತ್ತದೆ. ನಾವು ಅದನ್ನು ಅಗಿಯುತ್ತೇವೆ. ಗೋಡೆಗೆ ಬಣ್ಣ ಬಳಿಯುವವರು ಡಬ್ಬಿಯಲ್ಲಿ ಕೊಳ್ಳುತ್ತಾರಲ್ಲ ಟರ್ಪೆಂಟೈನ್, ಅದಕ್ಕೆ ಆ ಹೆಸರು ಬಂದದ್ದೇ ಈ ಜಾತಿಯ ಮರದ ಅಂಟಿನಿಂದಂತೆ. ಈಗಿನ ಡಬ್ಬಿಯಲ್ಲಿರುವುದು ಯಾವುದೋ ಬೇರೆ ಮರದ್ದು. ಹೆಸರು ಒಬ್ಬರದು, ಸಂಸಾರ ಇನ್ನೊಬ್ಬರದು.

ಬೇಸಿಗೆ ಮುಗಿಯುವಾಗ ಮರದ ತುಂಬ ಸಣ್ಣ ಸಣ್ಣ ಹಸಿರು ಕಾಯಿ. ಹುರಿದು ಅರೆದು ಹಾಲಿಗೆ ಹಾಕಿದರೆ ಕಾಫಿ. ಎಣ್ಣೆ ತೆಗೆದು ಬೂದಿನೀರಲ್ಲಿ ಕಾಯಿಸಿದರೆ ಸಾಬೂನು. ಅಕ್ಕನ ಸಾಬೂನು ನೋಡಲು ಪಾಚಿಗಟ್ಟಿದ ಕಲ್ಲಿನ ಹಾಗಿರುತ್ತಿತ್ತು. ಆದರೆ ಸೀರ್ತ್ ಪೇಟೆಯ ಹೆಂಗಸರು, ಮನೆಯಲ್ಲಿ ಗುಲಾಬಿ ಬಣ್ಣದ ಸೋಪು ಇಟ್ಟುಕೊಂಡವರು ಕೂಡ, ತಲೆಗೆ ಅದೇ ಬೇಕೆಂದು ಹೇಳಿಕಳಿಸುತ್ತಿದ್ದರು. ಕಾಯಿಸುವುದು ನನ್ನ ಹಂಡೆಯಲ್ಲಿ, ಬೈದಾಡಿಕೊಳ್ಳುವುದು ನಾವಿಬ್ಬರು. ನಮ್ಮ ವರ್ಷದ ಅತ್ಯಂತ ಒಳ್ಳೆಯ ದಿನಗಳು ಅವು.

ನಮ್ಮಲ್ಲೊಂದು ಪದ್ಧತಿ ಇದೆ. ಮದುವೆಯಾದ ಹೆಣ್ಣು ಪ್ರತಿ ವರ್ಷ ತಾನು ಕಾಯಿಸಿದ್ದರಲ್ಲಿ ಒಂದು ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಡುತ್ತಾಳೆ. ಅದು ಅವಳ ಕೊನೆಯ ಸ್ನಾನಕ್ಕೆ. ಆ ವರ್ಷ ಸಾಯದಿದ್ದರೆ ಹೊಸದನ್ನಿಟ್ಟು ಹಳೆಯದರಲ್ಲಿ ಬಟ್ಟೆ ಒಗೆಯುತ್ತಾಳೆ. ತನ್ನ ಮರದ ವಾಸನೆ ಮೈಗೆ ಹಚ್ಚಿಕೊಂಡು ಹೋಗಬೇಕು, ಅಂಗಡಿಯ ಸೋಪಿನಲ್ಲಿ ತೊಳೆಸಿಕೊಂಡು ಹೋದವಳು ದಿಕ್ಕಿಲ್ಲದವಳು ಎನ್ನುವ ಮಾತಿದೆ. ಅಕ್ಕ ಇದನ್ನು ನಮಾಜಿನಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬಂದವಳು.

ಹೀಗಿರುವಾಗ ಹೊಳೆಯ ಆಚೆ ಹಾಜಿ ಫಖ್ರೀಯ ತೋಟದಲ್ಲಿ ಪಿಸ್ತಾ ಬಂತು. ಬಿತ್ತಿಮ್ ಮರಕ್ಕೆ ಪಿಸ್ತಾದ ಕಣ್ಣು, ಅಂದರೆ ಚಿಗುರುಮೊಗ್ಗು, ಕೂಡಿಸಿ ಕಸಿ ಕಟ್ಟಿದರೆ ಕಾಡುಮರ ಏಳು ವರ್ಷದಲ್ಲಿ ಪಿಸ್ತಾ ಬಿಡುತ್ತದೆ. ಫಖ್ರೀ ಬಿಳಿ ಕಾರು ತಂದ. ಭಾವನಿಗೆ ಊಟ ಸೇರದಾಯಿತು.

“ಜರೀಫೆ, ನಿನ್ ಗುಡ್ಡದಲ್ಲಿರೋದು ಮರ ಅಲ್ಲ, ಮಲಗಿರೋ ಚಿನ್ನ” ಎಂದ.

“ಮಲಗಿರ್ಲಿ ಬಿಡು. ನಿಂಗೆ ಮಲಗಿರೋರನ್ನ ಕಂಡ್ರೆ ಯಾಕೆ ಹೊಟ್ಟೆಕಿಚ್ಚು?” ಎಂದಳು ಅಕ್ಕ.

“ಸಾಬೂನು ಕಾಯ್ಸಿ ಕಾಯ್ಸಿ ನಿನ್ ಕೈ ನೋಡ್ಕೊ, ಆಮೆ ಚಿಪ್ಪಾಗಿದೆ. ಏಳೇ ಏಳು ವರ್ಷ. ಆಮೇಲೆ ಆ ಕೈಗೆ ಮೊಣಕೈವರೆಗೂ ಬಳೆ” ಎಂದು ಭಾವ ಅವಳ ಕೈ ಹಿಡಿದು ತಿರುಗಿಸಿದ.

ಅವನ ನಾದಿನಿ ಪೆರಿಶಾನ್, ಅಂದರೆ ನಾನು, ಅಲ್ಲೇ ಇದ್ದೆ. “ಭಾವ, ನೀವು ಇದುವರೆಗೆ ಕಸಿ ಕಟ್ಟಿದ್ದುಂಟಾ?” ಎಂದು ಕೇಳಿದೆ.

“ಕಟ್ಟೋದೇನು ಮಹಾ, ಪೆರಿಶಾನ್? ನನ್ ಕೈ ಗುಣ ಅಂಥದ್ದು. ನಾನು ನೆಟ್ಟ ಗುದ್ದಲಿ ಹಿಡಿನೂ ಚಿಗುರಿತ್ತು.”

ಅಕ್ಕ ಅವನ ಮಾತನ್ನು ನಂಬಿದಳು. ಅವಳಂಥ ಗಟ್ಟಿಗಿತ್ತಿ ಯಾಕೆ ನಂಬಿದಳು ಎಂದು ನಾನು ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ಅವಳ ಕೈಯನ್ನು ಅಷ್ಟು ದಿನ ಯಾರೂ ಹಾಗೆ ತಿರುಗಿಸಿ ನೋಡಿರಲಿಲ್ಲ, ಅಷ್ಟೇ ಇರಬೇಕು.

ಈಗ ಕಣ್ಣು ಎಲ್ಲಿಂದ ತರುವುದು? ಫಖ್ರೀಯನ್ನು ಕೇಳಿದ್ದರೆ ಒಂದು ಹೊರೆ ಕೊಡುತ್ತಿದ್ದ. ಆದರೆ ನಮ್ಮೂರಲ್ಲಿ ಕೇಳಿ ತಂದ ಕಣ್ಣು ಒಣಗುತ್ತದೆ, ಕದ್ದ ಕಣ್ಣು ಹತ್ತುತ್ತದೆ. ಇದು ಹಿರಿಯರ ಮಾತು. ಹಿರಿಯರು ಕಳ್ಳರಾಗಿದ್ದರು ಎನ್ನುವುದು ಬಿಟ್ಟರೆ ಈ ಮಾತಿಗೆ ಬೇರೆ ಆಧಾರ ನನಗೆ ಸಿಕ್ಕಿಲ್ಲ. ಭಾವ ಇಂಥ ವಿಷಯದಲ್ಲಿ ಬಹಳ ಸಂಪ್ರದಾಯಸ್ಥ. ಶುಕ್ರವಾರದ ನಡುಮಧ್ಯಾಹ್ನ, ಗಂಡಸರೆಲ್ಲ ಮಸೀದಿಯಲ್ಲಿ ಕೂತು ಪರರ ವಸ್ತುವಿಗೆ ಆಸೆಪಡಬಾರದೆಂಬ ಉಪದೇಶ ಕೇಳುತ್ತಿದ್ದಾಗ, ಒಂದು ಕಲ್ಲಂಗಡಿಯ ತಿರುಳು ತೆಗೆದು ಬುರುಡೆ ಮಾಡಿಕೊಂಡು ಹೊಳೆ ದಾಟಿದ. ಕಣ್ಣಿರುವ ಕಡ್ಡಿಗಳನ್ನು ಅದರೊಳಗಿಟ್ಟು ಮುಚ್ಚಳ ಮುಚ್ಚಿದರೆ ತಂಪಿಗೆ ತಂಪೂ ಆಯಿತು, ಯಾರಾದರೂ ಕಂಡರೆ ಹಣ್ಣು ತಂದೆ ಎಂದೂ ಆಯಿತು.

ಪಿಸ್ತಾ ಒಂದು ವರ್ಷ ಬಿಟ್ಟರೆ ಮರುವರ್ಷ ಸುಮ್ಮನಿರುವ ಮರ. ಅದು ಸುಮ್ಮನಿರುವ ವರ್ಷವಾಗಿತ್ತು, ತೋಟದಲ್ಲಿ ಎಲ್ಲೂ ಕಾಯಿ ಇರಲಿಲ್ಲ. ಭಾವ ಹೆಣ್ಣು ನೋಡಲು ಹೋದವನ ಹಾಗೆ ಒಂದೊಂದೇ ಮರದ ಮುಂದೆ ನಿಂತ. ಇದು ಕುಳ್ಳು, ಇದು ಸೊಟ್ಟ, ಇದರ ಎಲೆ ಸಣ್ಣದು. ಕೊನೆಗೆ ಗೋಡೆಯ ಮೂಲೆಯಲ್ಲಿ ಎಲ್ಲಕ್ಕಿಂತ ಎತ್ತರದ, ದಪ್ಪ ಎಲೆಯ, ಮೈಕೈ ತುಂಬಿಕೊಂಡ ಒಂದು ಮರ ಕಂಡಿತು. ಬುರುಡೆ ತುಂಬಿಸಿಕೊಂಡು ಬಂದ. “ಆಯ್ದರೆ ಹೀಗೆ ಆಯಬೇಕು” ಎಂದು ಆ ಸಂಜೆ ನಮ್ಮಿಬ್ಬರಿಗೂ ಪಾಠ ಹೇಳಿದ.

ಬಿತ್ತಿಮ್ ಮರದಲ್ಲಿ ಕಾಯಿ ಬಿಡುವ ಹೆಣ್ಣು ಬೇರೆ, ಬರೀ ಹೂವು ಉದುರಿಸುವ ಗಂಡು ಬೇರೆ ಎನ್ನುವುದು ನಮ್ಮೂರ ಹೆಣ್ಣುಮಕ್ಕಳಿಗೆಲ್ಲ ಗೊತ್ತು, ಕಾಯಿ ಕೊಯ್ಯುವವರು ನಾವು ತಾನೆ. ಅಕ್ಕ ಕೇಳಿಯೂ ಕೇಳಿದಳು: “ಆ ಮರ ಹೆಣ್ಣು ಹೌದೋ ಅಲ್ವೋ ನೋಡಿದ್ಯಾ?”

“ಅಯ್ಯೋ ಹುಚ್ಚಿ, ಗಂಡು-ಹೆಣ್ಣು ಎಲ್ಲ ಕಾಡುಮರಕ್ಕೆ. ಪಿಸ್ತಾ ಅಂದ್ರೆ ಮರ್ಯಾದಸ್ಥ ಮರ!”

ಆ ಬೇಸಿಗೆ ಅವನು ಗುಡ್ಡದ ಮರಗಳನ್ನೆಲ್ಲ ಬೋಳಿಸಿ ಕಣ್ಣು ಕಟ್ಟಿದ. ಒಂದನ್ನೂ ಬಿಡಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು, ಗಾಳಿ ಬಂದಾಗಲೆಲ್ಲ ಅಂಟಿನ ವಾಸನೆ ಮನೆಯೊಳಗೆ ಬರುತ್ತಿತ್ತು. ಅವನ ಕೈ ಗುಣವೋ ಕದ್ದ ಮಾಲಿನ ಗುಣವೋ, ಕಟ್ಟಿದ ಕಣ್ಣೆಲ್ಲ ಹತ್ತಿತು. ಮಹಾರಾಯ, ಒಂದಾದರೂ ಒಣಗಬಾರದಿತ್ತೇ.

ನಾವು ಕಾದೆವು. ಪೆಟ್ಟಿಗೆಯಲ್ಲಿದ್ದ ಸಾಬೂನು ಒಂದೊಂದಾಗಿ ಕರಗಿತು. ನನ್ನ ಹಂಡೆಯಲ್ಲಿ ಕೋಳಿ ಮೊಟ್ಟೆಯಿಡಲು ಶುರುಮಾಡಿತು. ಕೊನೆಗೆ ಅಕ್ಕನ ಹತ್ತಿರ ಉಳಿದದ್ದು ತಳದ ಆ ಒಂದೇ ಬಿಲ್ಲೆ. ಅದನ್ನು ಬದಲಾಯಿಸಲು ಹೊಸದಿರಲಿಲ್ಲ. ಭಾವ ಟೀ ಅಂಗಡಿಯಲ್ಲಿ ಕೂತು ಇನ್ನೂ ಹುಟ್ಟದ ಪಿಸ್ತಾವನ್ನು ಮಾರುತ್ತಿದ್ದ. ಕಾರಿಗೆ ಯಾವ ಬಣ್ಣ ಎನ್ನುವ ಚರ್ಚೆ ಎರಡು ಚಳಿಗಾಲ ನಡೆಯಿತು.

ಒಂದು ವಸಂತದಲ್ಲಿ ಗುಡ್ಡ ಹೂ ಬಿಟ್ಟಿತು. ಏನು ಹೂವು! ಕೆಂಪು ಗೊಂಚಲು, ಮುಟ್ಟಿದರೆ ಹಳದಿ ಧೂಳು. ಭಾವ ಊರಿಗೆಲ್ಲ ಟೀ ಕೊಡಿಸಿದ. ಹೂವು ಉದುರಿತು, ಕಾಯಿ ಬರಲಿಲ್ಲ. “ಮೊದಲ ಹೂ ದೇವರಿಗೆ” ಎಂದ. ಮರುವರ್ಷ ಇನ್ನೂ ಹೆಚ್ಚು ಹೂವು, ಕಾಯಿ ಇಲ್ಲ. “ದೃಷ್ಟಿ” ಎಂದು ಮರಗಳಿಗೆ ನೀಲಿ ಮಣಿ ಕಟ್ಟಿದ. ಅದರ ಮರುವರ್ಷ ಮುಲ್ಲಾನಿಂದ ತಾಯತ ಬರೆಸಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುತ್ತಾರಲ್ಲ, ಇಲ್ಲಿ ಕೊಟ್ಟಿಗೆಯ ತುಂಬ ಎತ್ತು ಕಟ್ಟಿಕೊಂಡು ಕರುವಿಗೆ ಕಾಯುತ್ತಿದ್ದೆವು.

ಕೊನೆಗೆ ಹಾಜಿ ಫಖ್ರೀಯೇ ಬಂದ. ಹೂಬಿಟ್ಟ ಗುಡ್ಡವನ್ನು ಅಂಗಳದಿಂದ ನೋಡಿದ. ನಾವಿಬ್ಬರೂ ಹೊಸಿಲ ಮೇಲೆ ಕೂತಿದ್ದೆವು.

“ಜುಲ್ಕುಫ್, ಈ ಕಣ್ಣು ಎಲ್ಲಿಂದ ತಂದೆಯಪ್ಪ?”

“ದೇವ್ರು ಕೊಟ್ಟ.”

“ದೇವ್ರು ನನ್ ತೋಟದ ಗೋಡೆ ಹಾರಿದ್ನಾ? ಮೂಲೇಲಿರೋದು ತಾನೆ? ಎಲ್ಲಕ್ಕಿಂತ ಎತ್ತರದ್ದು, ದಪ್ಪ ಎಲೆದು?”

“ಇರಬಹುದು. ಯಾಕೆ?”

“ಅದು ಗಂಡು ಕಣಯ್ಯಾ! ತೋಟಕ್ಕೊಂದು ಇರ್ಲಿ ಅಂತ ಇಟ್ಕೊಂಡಿದ್ದೆ. ನೀನು ಗುಡ್ಡಕ್ಕೆ ಗುಡ್ಡನೇ ಗಂಡು ಮಾಡಿಬಿಟ್ಟಿದ್ದೀಯಲ್ಲೋ!” ಫಖ್ರೀ ನಗುತ್ತ ನಗುತ್ತ ನೆಲದ ಮೇಲೆ ಕೂತ. ಕಣ್ಣೊರೆಸಿಕೊಂಡು, “ಕದ್ದಿದ್ದಕ್ಕೆ ಹೋಗ್ಲಿ ಬಿಡು, ನಾನೇನೂ ಹೇಳಲ್ಲ. ನಂಗಿದೇ ಸಾಕು” ಎಂದ.

ನನಗೂ ನಗು ಬಂದಿತ್ತು, ಅಕ್ಕನ ಮುಖ ನೋಡಿ ನುಂಗಿಕೊಂಡೆ. ಅವಳು ಎದ್ದು ಒಳಗೆ ಹೋಗಿ ಪೆಟ್ಟಿಗೆ ತೆಗೆದು, ಆ ಬಿಲ್ಲೆಯನ್ನು ಮುಟ್ಟಿ ನೋಡಿ, ಮತ್ತೆ ಮುಚ್ಚಿದಳು. ಅವ್ವನ ಗುಡ್ಡ, ಅವಳ ಗುಡ್ಡ, ಇಷ್ಟು ವರ್ಷದ ಬೆವರು ಎಲ್ಲ ಸೇರಿ ಅಷ್ಟೇ ಉಳಿದಿತ್ತು. ನನಗೆ ಭಾವನ ಮೇಲೆ ಎಂಥ ಸಿಟ್ಟು ಬಂತೆಂದರೆ ಆ ದಿನ ಅವನಿಗೆ ‘ನೀವು’ ಅನ್ನಲಾಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಊರು ಬಿಡುತ್ತಿದ್ದರು. ಆದರೆ ಬಿದ್ದರೂ ಮೀಸೆ ಮಣ್ಣಾಗದವರಿಗೆ ದೇವರು ಬೇಗ ಕೈ ಕೊಡುತ್ತಾನೆ. ಆ ವರ್ಷ ಹೊಳೆಯ ಎರಡೂ ದಡದ ತೋಟಗಳಲ್ಲಿ ಹಿಂದೆಂದೂ ಕಾಣದ ಪಿಸ್ತಾ ಬಂತು. ಫಖ್ರೀಯ ಕಾರು ನೋಡಿ ಪಿಸ್ತಾ ಹಾಕಿದ್ದ ಉಳಿದವರೆಲ್ಲ ಕಾಯಿಯ ಆಸೆಗೆ ಹೆಣ್ಣುಮರವನ್ನೇ ಬೆಳೆಸಿ ಗಂಡನ್ನು ಮರೆತಿದ್ದರು. ಈಗ ಗಾಳಿ ಬೀಸಿದರೆ ಸಾಕು, ನಮ್ಮ ಗುಡ್ಡದ ಹಳದಿ ಧೂಳು ಕಣಿವೆಯ ಮರಮರಕ್ಕೂ ಹೋಗಿ ಕೂರುತ್ತಿತ್ತು. ಊರಿಗೆ ಇದು ಗೊತ್ತಾದದ್ದೇ ತಡ, ಟೀ ಅಂಗಡಿಯಲ್ಲಿ ಒಲೆಯ ಪಕ್ಕದ ಜಾಗ ಭಾವನಿಗೆ ಮೀಸಲಾಯಿತು. ಅವನು ಬಂದರೆ ಎದ್ದು ನಿಂತರು. ‘ಗಂಡುಗುಡ್ಡದ ಆಗಾ’, ಅಂದರೆ ಧಣಿ, ಎಂದು ಕರೆದರು. ಭಾವನವರು ಎರಡೇ ವಾರದಲ್ಲಿ ಇದೆಲ್ಲ ತಾನು ಗೊತ್ತಿದ್ದೇ ಮಾಡಿದ್ದೆಂದು ಹೇಳತೊಡಗಿದರು.

“ಎಲ್ರೂ ತಂತಮ್ಮ ಹೊಟ್ಟೆ ನೋಡ್ಕೊಂಡ್ರೆ ಊರು ನೋಡೋರ್ಯಾರು? ಅದಕ್ಕೇ ನಾನು ತ್ಯಾಗ ಮಾಡ್ದೆ.”

“ಹೌದು ಭಾವ, ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದೆ ನಾನು. ಅವನು ಮೊದಲರ್ಧ ಮಾತ್ರ ಕೇಳಿಸಿಕೊಂಡು ತಲೆಯಾಡಿಸಿದ.

ಉಪಕೃತರಾದ ಊರವರು ಸುಗ್ಗಿಯಲ್ಲಿ ಅಕ್ಕನಿಗೆ ಒಂದೊಂದು ಬೊಗಸೆ ಪಿಸ್ತಾ ಕಳಿಸುತ್ತಿದ್ದರು. ಚಿಪ್ಪು ಬಾಯಿ ಬಿಡದೆ ಇದ್ದದ್ದನ್ನು ಆರಿಸಿ.

ಅಕ್ಕ ಜಗಳವಾಡಲಿಲ್ಲ. ಒಂದು ಚಳಿಗಾಲ ಎದೆಗೆ ಕಫ ಕಟ್ಟಿ ಹಾಸಿಗೆ ಹಿಡಿದಳು. ಉಳಿಯುವುದು ಕಷ್ಟ ಎಂದು ಪೇಟೆಯ ಡಾಕ್ಟರು ಹೇಳಿದ. ಆಗ ಅವಳು ನನ್ನ, ಭಾವನ ಮುಂದೆ ಹೇಳಿದ ಮಾತು ಇದು: “ಸಾಯೋಕೆ ನಂಗೇನೂ ಬೇಜಾರಿಲ್ಲ. ಪೆಟ್ಟಿಗೇಲಿ ಬಿಲ್ಲೆ ಇದೆ, ತೊಳೀರಿ. ಆದ್ರೆ ಇನ್ನೊಂದ್ಸಲ ನನ್ ಗುಡ್ಡದ ಕಾಯಿ ನನ್ ಕೈಲಿ ಕೊಯ್ದು ಹೋಗ್ಬೇಕಿತ್ತು. ಅವ್ವಂಗೆ ಏನಂತ ಹೇಳ್ಲಿ ಅಲ್ಲಿ?”

ಭಾವ ಗೋಡೆ ನೋಡಿಕೊಂಡು, “ಇಡೀ ಕಣಿವೆ ಆ ಗುಡ್ಡ ನಂಬ್ಕೊಂಡಿದೆಯಲ್ಲ ಜರೀಫೆ” ಎಂದ. ನಾನು ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಅವನ ತಲೆಯ ಮೇಲೆ ಸುರಿಯದಿದ್ದದ್ದು ಅದು ಅಕ್ಕನದೆಂಬ ಒಂದೇ ಕಾರಣಕ್ಕೆ.

ಅಕ್ಕ ಸಾಯಲಿಲ್ಲ. ಡಾಕ್ಟರೇ ಆ ವಸಂತ ತನ್ನೂರಿಗೆ ವರ್ಗ ಮಾಡಿಸಿಕೊಂಡು ಹೋದ. ಅವಳು ಎದ್ದು ಕೂತು ಮೊದಲ ಸಲ ಬೆಂಕಿ ಹಚ್ಚಿದ ಸಂಜೆ ಭಾವ ಆಕಳಿಸುತ್ತ, ಬೇರೇನೋ ಯೋಚನೆಯಲ್ಲಿರುವವನಂತೆ ಕೇಳಿದ:

“ಅಲ್ಲ, ಮೊದ್ಲು ಗುಡ್ಡದ ಹಿಂದಿನ ಮಗ್ಗುಲಲ್ಲಿ ಕಾಯಿ ಬಿಡ್ತಿದ್ದ ಮರ ಯಾವ್ಯಾವ್ದು?”

“ಯಾಕೆ?”

“ಸುಮ್ನೆ. ಟೀ ಅಂಗಡೀಲಿ ಮಾತು ಬಂತು.”

ಅಕ್ಕ ರೊಟ್ಟಿ ತಿರುವುತ್ತ ಒಂದೊಂದೇ ಮರ ಹೇಳಿದಳು. ಸೀಳುಬಂಡೆಯ ಪಕ್ಕದ್ದು, ಅವಳಿ ಕಾಂಡದ್ದು, ನರಿ ಬಿಲದ ಮೇಲಿನದ್ದು, ಪೆರಿಶಾನ್ ಬಿದ್ದು ಹಲ್ಲು ಮುರಿದುಕೊಂಡದ್ದು. ಭಾವ ಮತ್ತೊಮ್ಮೆ ಆಕಳಿಸಿದ.

ಒಂದೆರಡು ವರ್ಷ ಕಳೆದ ಮೇಲೆ ನನ್ನ ಆಡು ತಪ್ಪಿಸಿಕೊಂಡು ಗುಡ್ಡದ ಹಿಂದಿನ ಮಗ್ಗುಲಿಗೆ ಹೋಯಿತು. ಆ ಕಡೆ ಟೀ ಅಂಗಡಿಯಿಂದ ಕಾಣುವುದಿಲ್ಲ, ಯಾರ ಮನೆಯಿಂದಲೂ ಕಾಣುವುದಿಲ್ಲ. ನರಿ ಬಿಲದ ಹತ್ತಿರ ನೋಡಿದರೆ ಗಂಡುಗುಡ್ಡದ ಆಗಾ ಗರಗಸ ಹಿಡಿದು ತನ್ನ ಕಸಿಯನ್ನು ತಾನೇ ಕೊಯ್ಯುತ್ತಿದ್ದ. ಸುತ್ತ ಬೇರೆ ಮರಗಳನ್ನಾಗಲೇ ಕೊಯ್ದಾಗಿತ್ತು. ಕಸಿಯ ಕೆಳಗಿನ ಹಳೆಯ ಬುಡದಿಂದ ಬಿತ್ತಿಮ್ ಚಿಗುರು ಆಳೆತ್ತರ ಬಂದಿತ್ತು. ಆಡು ಮೇಯದಂತೆ ಪ್ರತಿ ಬುಡಕ್ಕೂ ಮುಳ್ಳಿನ ಬೇಲಿ. ಕೈಯೆಲ್ಲ ಅಂಟು, ಅಂಗಿಯೆಲ್ಲ ಅಂಟು.

“ಭಾವ, ಏನ್ಮಾಡ್ತಿದ್ದೀರಿ?”

ಬೆಚ್ಚಿಬಿದ್ದು ಗರಗಸ ಬೆನ್ನ ಹಿಂದೆ ಬಚ್ಚಿಟ್ಟ. “ಏನಿಲ್ಲ, ಸ್ವಲ್ಪ ಹುಳ ಹಿಡಿದಿತ್ತು.”

“ಇಷ್ಟೂ ಮರಕ್ಕಾ? ಅದೂ ಅಕ್ಕ ಹೇಳಿದ ಮರಗಳಿಗೇ ಆರಿಸ್ಕೊಂಡು ಹಿಡೀತಾ ಹುಳ?”

ಅವನು ಕಲ್ಲಿನ ಮೇಲೆ ಕೂತ. ತಲೆ ಬಗ್ಗಿಸಿದ ಭಾವನನ್ನು ನಾನು ನೋಡಿದ್ದು ಅದೊಂದೇ ಸಲ. “ಪೆರಿಶಾನ್, ನಿನ್ ಕಾಲಿಗ್ ಬೀಳ್ತೀನಿ. ಊರಿಗ್ ಹೇಳ್ಬೇಡ. ಮುಂದಿನ ಮಗ್ಗುಲು ಹಾಗೇ ಇರತ್ತೆ, ಅವ್ರಿಗೆ ಅಷ್ಟು ಸಾಕು. ಹಿಂದಿಂದು ಕಡಿದೆ ಅಂತ ಗೊತ್ತಾದ್ರೆ, ಹಾಗಾದ್ರೆ ಕಟ್ಟಿದ್ದೇ ತಪ್ಪಾ ಅಂತ ಕೇಳ್ತಾರೆ.”

“ಅಕ್ಕಂಗಾದ್ರೂ ಹೇಳಿ.”

“ಕಾಯಿ ಬರ್ಲಿ. ಬರದೇ ಹೋದ್ರೆ? ಎರಡ್ನೇ ಸಲ ಆ ಮುಖ ನೋಡೋಕೆ ನನ್ ಕೈಲಾಗಲ್ಲ.”

ನಾನು ಬಾಯಿ ಮುಚ್ಚಿಕೊಂಡಿದ್ದೆ, ವರ್ಷಗಟ್ಟಲೆ. ಇದು ನನಗೆಷ್ಟು ಕಷ್ಟವಾಯಿತೆಂದು ನನ್ನ ಗಂಡನನ್ನು ಕೇಳಿ, ಆ ಮಾತುಗಳೆಲ್ಲ ಬೇರೆ ವಿಷಯವಾಗಿ ಅವನ ಮೇಲೆ ಬಿದ್ದವು. ಭಾವ ಮಧ್ಯಾಹ್ನ ಗುಡ್ಡದ ಹಿಂದೆ ಬೆವರಿಳಿಸಿ, ಸಂಜೆ ಒಲೆಯ ಪಕ್ಕ ಕೂತು ತ್ಯಾಗದ ವಿಷಯ ಮಾತಾಡುತ್ತಿದ್ದ.

ಈ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ದಿನ ಊಟ ಮಾಡಿ, ಮೊಸರಿಗೆ ಉಪ್ಪು ಸಾಲದೆಂದು ಹೇಳಿ ಮಲಗಿದವನು ಏಳಲಿಲ್ಲ. ಎದೆ ನಿಂತಿತ್ತು. ಅದು ಎದೆಯ ತಪ್ಪು.

ಹೆಂಡತಿ ಗಂಡನ ಮೈ ತೊಳೆಯಬಹುದೆಂದು ಮುಲ್ಲಾ ಹೇಳಿದ. ನೀರು ಕಾಯಿಸಿದ್ದು ನನ್ನ ಹಂಡೆಯಲ್ಲೇ. ಊರವರು ಪಾಪ, ಆಗಾನ ಗೌರವಕ್ಕೆ ತಕ್ಕದ್ದೆಂದು ಪೇಟೆಯಿಂದ ಬಂಗಾರದ ಕಾಗದ ಸುತ್ತಿದ ಸೋಪು ತರಿಸಿದ್ದರು. ಅಕ್ಕ ಅದನ್ನು ಪಕ್ಕಕ್ಕಿಟ್ಟು ಪೆಟ್ಟಿಗೆ ತೆಗೆದು, ತಳಕ್ಕೆ ಕೈ ಹಾಕಿದಳು.

ನನಗೆ ತಡೆಯಲಾಗಲಿಲ್ಲ. “ಅಕ್ಕ, ಬೇಡ! ಅದು ನಿಂದು. ಇರೋದು ಅದೊಂದೇ. ನಿನ್ ಗುಡ್ಡ ಬೋಳಿಸಿದೋನಿಗೆ ಅದನ್ನೂ ಕೊಡ್ತೀಯಾ?”

ಅಕ್ಕ ಬಟ್ಟೆ ಬಿಚ್ಚಿದಳು. ಬಿಲ್ಲೆ ಒಣಗಿ, ಬಿರುಕು ಬಿಟ್ಟು, ಕಪ್ಪಾಗಿತ್ತು. ನೀರಲ್ಲಿ ಅದ್ದಿ ಉಜ್ಜಿದರೂ ತುಂಬ ಹೊತ್ತು ನೊರೆ ಬರಲಿಲ್ಲ. ಆಮೇಲೆ ಬಂತು, ಅದರ ಜೊತೆ ಅಂಟಿನ ಆ ವಾಸನೆ.

“ನಂದು ಹಿಂದಿನ ಮಗ್ಗುಲಲ್ಲಿ ಹಣ್ಣಾಗ್ತಿದೆಯಲ್ಲ” ಎಂದಳು.

“ನಿಂಗೆ... ಯಾವಾಗ ಗೊತ್ತಾಯ್ತು?”

“ಅವನ ಅಂಗಿ ಒಗೆಯೋಳು ಯಾರೇ? ಅಂಗಿಗೆ ಹತ್ತಿದ್ದು ಪಿಸ್ತಾದ ಅಂಟೋ ಬಿತ್ತಿಮ್ ಅಂಟೋ ಅಂತ ನಂಗ್ ಗೊತ್ತಾಗಲ್ವಾ? ಅಂಗಿವರೆಗೂ ಯಾಕೆ, ಯಾವ್ ಯಾವ್ ಮರ ಹೆಣ್ಣು ಅಂತ ಕೇಳಿದ ದಿನವೇ ಗೊತ್ತಾಯ್ತು. ಆಕಳಿಸಿದ್ನಲ್ಲ, ಆ ಹೊತ್ತಲ್ಲಿ ಅವನು ಯಾವತ್ತೂ ಆಕಳಿಸಿದೋನಲ್ಲ.”

“ಮತ್ತೆ ಒಂದು ಮಾತು ಕೇಳ್ಬಾರ್ದಿತ್ತಾ?”

“ಕೇಳಿದ್ರೆ ಇಲ್ಲ ಅಂತಿದ್ದ. ಇಲ್ಲ ಅಂದ್ಮೇಲೆ ನಿಲ್ಲಿಸ್ಬೇಕಾಗ್ತಿತ್ತು.” ಅವಳು ಅವನ ಬಲಗೈ ಎತ್ತಿ ತಿರುಗಿಸಿ ನೋಡಿದಳು. ಅಂಗೈ ಬಿರಿದು ಆಮೆಚಿಪ್ಪಾಗಿತ್ತು, ಉಗುರಿನ ಸಂದಿಯಲ್ಲಿ ಕಪ್ಪು ಅಂಟು ಕೂತಿತ್ತು. ಬೆರಳು ಬೆರಳಿಗೂ ಸಾಬೂನು ಹಚ್ಚಿ ನಿಧಾನವಾಗಿ ಉಜ್ಜಿದಳು. ಅಂಟು ಹೋಗಲಿಲ್ಲ. ಬಿಲ್ಲೆ ಅವಳ ಕೈಯಲ್ಲಿ ಸಣ್ಣದಾಗುತ್ತ ಹೋಯಿತು, ಅವಳು ಒಂದು ಚೂರನ್ನೂ ಉಳಿಸಿಕೊಳ್ಳಲಿಲ್ಲ.

“ಹೋಗು ಮಹಾರಾಯ” ಎಂದಳು ಅವನಿಗೆ. “ಅವ್ವ ಸಿಕ್ಕಿದ್ರೆ ಹೇಳು, ಗುಡ್ಡ ವಾಪಸ್ ಬಂತು ಅಂತ. ಬೇಕಾದ್ರೆ ನೀನೇ ಬೇಕಂತ ಮಾಡಿದ್ದು ಅಂತ ಹೇಳ್ಕೊ.”

ಅವಳು ಅತ್ತಳು, ನಾನೂ ಅತ್ತೆ. ಮಣ್ಣು ಮಾಡಿದ ಮೇಲೆ ಊರವರು ಅಂಗಳದಲ್ಲಿ ಸಾಲಾಗಿ ಕೂತು, ಆಗಾ ಎಂಥ ದೊಡ್ಡ ಮನುಷ್ಯ ಎಂದು ಕೊಂಡಾಡಿ, ಮುಂದಿನ ವಸಂತಕ್ಕೆ ಗುಡ್ಡದ ಹೂವಿಗೇನೂ ತೊಂದರೆಯಿಲ್ಲ ತಾನೆ ಎಂದು ವಿಚಾರಿಸಿಕೊಂಡು ಹೋದರು. ನಾನು ಹಂಡೆಯನ್ನು ಬೂದಿ ಹಾಕಿ ಬೆಳಗಿದೆ. ಮರುವಾರ ಇಬ್ಬರೂ ಬುಟ್ಟಿ ಹಿಡಿದು ಹಿಂದಿನ ಮಗ್ಗುಲು ಹತ್ತಿದೆವು. ಅಕ್ಕ ಮೊದಲು ನರಿ ಬಿಲದ ಮೇಲಿನ ಮರಕ್ಕೆ ಹೋದಳು.